ಆಟ ತಾನೇ, ಬಿಡು

2022ರ ನವೆಂಬರ್ ತಿಂಗಳ ಕೊನೆಯ ಶನಿವಾರ. ನಾನು ಅಮೆರಿಕದ ಒರೆಗಾನ್ ರಾಜ್ಯದ ಕೊರ್ವಾಲಿಸ್ ಎಂಬ ಊರಿನಲ್ಲಿ ಮಗನ ಮನೆಯಲ್ಲಿದ್ದೆ. ಬೆಳಿಗ್ಗೆ ಚಹಾ ಮಾಡಲೆಂದು ಅಡುಗೆಮನೆಗೆ ಬಂದರೆ ಮಗ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಒಂದು ಕಡೆ ಕುಳಿತಿದ್ದಾನೆ, ಸೊಸೆ ಹಸಿರು ಶಾಲು ಹೊದ್ದು ಇನ್ನೊಂದು ಕಡೆ. ಇಬ್ಬರೂ ಮುಖ ಕೊಟ್ಟು ಮಾತನಾಡುತ್ತಿಲ್ಲ. ನನ್ನ ಎದೆ ಧಸಕ್ಕೆಂದಿತು. ಮದುವೆಯಾಗಿ ಐದು ವರ್ಷ, ನಾನು ಬಂದು ಹದಿನೈದು ದಿನ. ನನ್ನಿಂದಲೇ ಏನಾದರೂ ಆಯಿತೇ ಎಂದು ಯೋಚಿಸುತ್ತಿರುವಾಗ ಸೊಸೆ ನಕ್ಕುಬಿಟ್ಟಳು. "ಏನಿಲ್ಲ ಉಮ್ಮಾ, ಇವತ್ತು ಮ್ಯಾಚ್. ಸಂಜೆಯವರೆಗೆ ಇವರು ನನಗೆ ಯಾರೂ ಅಲ್ಲ" ಅಂದಳು.

ಮಗ ಓದಿದ್ದು ಕೊರ್ವಾಲಿಸ್‌ನ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ. ಸೊಸೆ ಓದಿದ್ದು ಯೂಜೀನ್ ಎಂಬ ಊರಿನ ಯೂನಿವರ್ಸಿಟಿ ಆಫ್ ಒರೆಗಾನ್‌ನಲ್ಲಿ. ಎರಡೂ ಊರುಗಳು ವಿಲಾಮೆಟ್ ನದಿಯ ದಡದಲ್ಲೇ ಇವೆ. ನಡುವಿನ ದೂರ ನಮ್ಮ ಮಂಗಳೂರಿನಿಂದ ಉಡುಪಿಗಿಂತ ತುಸು ಹೆಚ್ಚು, ಅಷ್ಟೇ. ಮಗನ ತಂಡ ಬೀವರ್ಸ್, ಅಂದರೆ ಹೊಳೆಗೆ ಕಟ್ಟೆ ಕಟ್ಟುವ ಆ ಚಪ್ಪಟೆ ಬಾಲದ ಪ್ರಾಣಿ. ಸೊಸೆಯ ತಂಡ ಡಕ್ಸ್, ಬಾತುಕೋಳಿ. ಇವರ ಫುಟ್‌ಬಾಲ್ ನಾವು ಕಂಡ ಫುಟ್‌ಬಾಲ್ ಅಲ್ಲ. ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ತಲೆಗೆ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಇದಕ್ಕೆ ಫುಟ್‌ಬಾಲ್ ಎಂದು ಯಾಕೆ ಹೆಸರಿಟ್ಟರು ಎಂದು ಕೇಳಿದೆ. ಹೆಸರಿನ ವಿಷಯ ಎತ್ತಿದ್ದು ಅಲ್ಲಿಂದಲೇ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಕುಂಬಳಕಾಯಿಯ ಪೈ ಹಿಡಿದುಕೊಂಡು ಬಂದರು. ಎಪ್ಪತ್ತು ದಾಟಿದವರು, ನಿವೃತ್ತ ಟೀಚರ್. ಹಿಂದಿನ ವಾರ ನನಗೆ ಜ್ವರ ಬಂದಾಗ ಸೂಪ್ ಮಾಡಿ ತಂದುಕೊಟ್ಟವರು. ಅವರ ಟೋಪಿಯೂ ಕಿತ್ತಳೆ ಬಣ್ಣದ್ದೇ. ಒಳಗೆ ಬರುತ್ತಲೇ ನನ್ನ ಕಡೆ ನೋಡಿ, "ನಿಮ್ಮ ಮೊದಲ ಸಿವಿಲ್ ವಾರ್, ಅಲ್ಲವೇ?" ಎಂದರು. ಮರುಕ್ಷಣ ಬಾಯಿಗೆ ಕೈ ಅಡ್ಡ ಹಿಡಿದು ಸೊಸೆಯ ಮುಖ ನೋಡಿದರು. "ಹಾಗೆ ಹೇಳಬಾರದಲ್ಲ ಈಗ" ಎಂದು ನಕ್ಕರು. ನಗುವಿನಲ್ಲಿ ಸ್ವಲ್ಪ ನೋವಿತ್ತು.

ಸಿವಿಲ್ ವಾರ್ ಎಂದರೆ ಅಂತರ್ಯುದ್ಧ. ಈ ಎರಡು ಕಾಲೇಜುಗಳ ವರ್ಷದ ಪಂದ್ಯಕ್ಕೆ ದಶಕಗಳ ಕಾಲ ಇದ್ದ ಹೆಸರೇ ಅದು. 2020ರ ಜೂನ್ 26ರಂದು ಎರಡೂ ವಿಶ್ವವಿದ್ಯಾಲಯಗಳು ಒಟ್ಟಿಗೆ ಹೇಳಿಕೆ ಕೊಟ್ಟು ಇನ್ನು ಮುಂದೆ ಆ ಹೆಸರನ್ನು ಬಳಸುವುದಿಲ್ಲ ಎಂದವು. ಫುಟ್‌ಬಾಲ್ ಮಾತ್ರವಲ್ಲ, ಅವರಿಬ್ಬರ ನಡುವಿನ ಯಾವ ಆಟಕ್ಕೂ ಇಲ್ಲ. ಅದರ ಹಿಂದಿನ ತಿಂಗಳು, ಮೇ 25ರಂದು, ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ವ್ಯಕ್ತಿಯ ಕುತ್ತಿಗೆಯ ಮೇಲೆ ಪೊಲೀಸನೊಬ್ಬ ಮಂಡಿಯೂರಿ ಕೊಂದದ್ದು ನಿಮಗೆ ನೆನಪಿರಬಹುದು. ಇಡೀ ಅಮೆರಿಕ ಬೀದಿಗಿಳಿದಿದ್ದ ದಿನಗಳವು. ಆಗ ಡೆನ್ನಿಸ್ ಡಿಕ್ಸನ್ ಎಂಬ ಹಳೆಯ ಆಟಗಾರ ತನ್ನ ಕಾಲೇಜಿನವರ ಬಳಿ ಈ ಹೆಸರಿನ ಮಾತೆತ್ತಿದರು. 2007ರಲ್ಲಿ ಅವರು ಡಕ್ಸ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಆಟವನ್ನು ನಡೆಸುವ ಮುಖ್ಯ ಆಟಗಾರ. ಅವರೂ ಕರಿಯರು.

ಅಜ್ಜಿಗೆ ಸಿಟ್ಟಿರಲಿಲ್ಲ. ಆದರೆ ಒಪ್ಪಿಗೆಯೂ ಇರಲಿಲ್ಲ. ಅವರು ಹೇಳಿದ್ದನ್ನು ಸೊಸೆ ನನಗೆ ಬಿಡಿಸಿ ಹೇಳಿದಳು. "ಆ ಹೆಸರು ಕೇಳಿದರೆ ನನಗೆ ಯುದ್ಧ ನೆನಪಾಗುವುದಿಲ್ಲ. ನನ್ನ ಅಪ್ಪನ ರೇಡಿಯೊ ನೆನಪಾಗುತ್ತದೆ. ಅಪ್ಪ ಬೀವರ್ಸ್, ಚಿಕ್ಕಪ್ಪ ಡಕ್ಸ್. ಒಂದೇ ಮನೆಯವರು ಎರಡು ಪಕ್ಷ. ಅದಕ್ಕೇ ಅಂತರ್ಯುದ್ಧ. ಗುಲಾಮಗಿರಿಯ ಯೋಚನೆ ನಮಗ್ಯಾರಿಗೂ ಇರಲಿಲ್ಲ."

ನನಗೆ ಅವರ ಮಾತು ಸರಿ ಎನ್ನಿಸಿತು. ಸುಳ್ಳು ಯಾಕೆ ಹೇಳಲಿ? ಹೆಸರು ಬದಲಿಸಿದರೆ ನಾಲಿಗೆ ಬದಲಾಗುತ್ತದೆಯೇ? ನಮ್ಮ ಊರನ್ನು ಇಂಗ್ಲಿಷಿನಲ್ಲಿಯೂ ಮಂಗಳೂರು ಎಂದೇ ಬರೆಯಬೇಕೆಂದು 2014ರಲ್ಲಿ ಸರಕಾರ ಹೇಳಿತು. ನಮ್ಮ ಯಜಮಾನರು ಇವತ್ತಿಗೂ ಫಾರಂ ತುಂಬುವಾಗ ಮ್ಯಾಂಗಲೋರ್ ಎಂದೇ ಬರೆಯುತ್ತಾರೆ. ಬ್ಯಾರಿಗಳ ಬಾಯಲ್ಲಿ ಅದು ಮೈಕಾಲ, ತುಳುವರಿಗೆ ಕುಡ್ಲ. ಮೈಕಾಲ ಎನ್ನುವಾಗ ನನಗೂ ನನ್ನ ಉಮ್ಮನ ಧ್ವನಿಯೇ ಕೇಳಿಸುವುದು. ಅಪ್ಪನ ರೇಡಿಯೊದಂಥ ಒಂದು ವಸ್ತು ಎಲ್ಲರ ಬಳಿಯೂ ಇರುತ್ತದೆ. ಅದನ್ನು ಕಿತ್ತುಕೊಂಡಂತೆ ಆಗಿತ್ತು ಅಜ್ಜಿಗೆ.

ಮಗ ಅಷ್ಟು ಬೇಗ ಬಿಡುವವನಲ್ಲ. ಈ ಪಂದ್ಯ ಶುರುವಾದದ್ದು 1894ರಲ್ಲಿ. ಸಿವಿಲ್ ವಾರ್ ಎಂಬ ಹೆಸರು ಮೊದಲು ಕಾಣಿಸಿಕೊಂಡದ್ದು 1929ರಲ್ಲಿ, ಎಲ್ಲರ ಬಾಯಿಗೆ ಬಂದದ್ದು ಇನ್ನೂ ಕೆಲವು ವರ್ಷಗಳ ನಂತರ. ಮೊದಲ ಮೂವತ್ತೈದು ವರ್ಷ ಆ ಹೆಸರಿಲ್ಲದೆಯೇ ಆಡಿದ್ದಾರೆ, ಆಗ ಆಟಕ್ಕೆ ಏನು ಕೊರತೆಯಾಗಿತ್ತು ಎಂದು ಅವನ ವಾದ. "ನೀವು ಓದಿದ ಕಾಲೇಜೇ ಮೊದಲು ಕೃಷಿ ಕಾಲೇಜಾಗಿತ್ತಲ್ಲ, ಅದರ ಹೆಸರು ಎಷ್ಟು ಸಲ ಬದಲಾಗಿಲ್ಲ?" ಎಂದು ಅಜ್ಜಿಯನ್ನೇ ಕೇಳಿದ. ಅಜ್ಜಿ ನಕ್ಕು ಕೈ ಮೇಲೆತ್ತಿದರು.

ಅವರು ಹೋದ ಮೇಲೆ ಮಗ ಹೇಳಿದ ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. 1861ರಿಂದ 1865ರವರೆಗೆ ನಡೆದ ಆ ಯುದ್ಧ ಗುಲಾಮಗಿರಿಯ ಪ್ರಶ್ನೆಯ ಮೇಲೆ ನಡೆದದ್ದು. ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಒರೆಗಾನ್ ಅದರಿಂದ ಬಹುದೂರ. ಇಲ್ಲಿ ಗುಲಾಮಗಿರಿಯನ್ನು ಸಂವಿಧಾನವೇ ನಿಷೇಧಿಸಿತ್ತು. ಆದರೆ 1859ರಲ್ಲಿ ಈ ರಾಜ್ಯ ಹುಟ್ಟಿದಾಗ ಅದೇ ಸಂವಿಧಾನದಲ್ಲಿ ಇನ್ನೊಂದು ಮಾತೂ ಇತ್ತು: ಹೊರಗಿನಿಂದ ಕರಿಯರು ಇಲ್ಲಿಗೆ ಬಂದು ನೆಲೆಸುವಂತಿಲ್ಲ, ಆಸ್ತಿ ಮಾಡುವಂತಿಲ್ಲ. ಆ ಸಾಲನ್ನು ತೆಗೆದದ್ದು 1926ರಲ್ಲಿ. ಅಂದರೆ ಪಂದ್ಯಕ್ಕೆ ಈ ಹೆಸರು ಬೀಳುವುದಕ್ಕಿಂತ ಮೂರು ವರ್ಷ ಮೊದಲು. ಅದಕ್ಕೂ ಇದಕ್ಕೂ ನೇರ ಸಂಬಂಧವಿದೆ ಎಂದು ನಾನು ಹೇಳುವುದಿಲ್ಲ. ಆದರೆ ಹೆಸರಿಟ್ಟವರ ನಡುವೆ ಆ ಹೆಸರಿನಿಂದ ಮನಸ್ಸು ನೋಯುವವರು ಯಾಕೆ ಅಷ್ಟು ಕಡಿಮೆಯಿದ್ದರು ಎಂಬುದಕ್ಕೆ ಉತ್ತರ ಅದರಲ್ಲಿದೆ. ಬರಲು ಬಿಟ್ಟಿದ್ದರಲ್ಲವೇ ಕೇಳುವುದು? ಒರೆಗಾನ್ ಸ್ಟೇಟ್‌ನ ಆಗಿನ ಅಧ್ಯಕ್ಷ ಎಡ್ ರೇ ಕೂಡಾ, ಗುಲಾಮಗಿರಿಯನ್ನು ಉಳಿಸಲು ನಡೆದ ಯುದ್ಧದ ನಂಟಿರುವ ಈ ಹೆಸರು ಎಂದೋ ಹೋಗಬೇಕಿತ್ತು ಎಂಬ ಅರ್ಥದ ಮಾತು ಹೇಳಿದ್ದರಂತೆ.

ಪಂದ್ಯದ ಬಗ್ಗೆ ಹೇಳದಿದ್ದರೆ ಮಗ ಬೇಸರ ಮಾಡಿಕೊಂಡಾನು. ಒಂದು ಹಂತದಲ್ಲಿ ಡಕ್ಸ್ 31, ಬೀವರ್ಸ್ 10. ಸೊಸೆ ಮನೆಯೆಲ್ಲ ಓಡಾಡುತ್ತಿದ್ದಳು. ಆಮೇಲೆ ಏನಾಯಿತೋ, ಬೀವರ್ಸ್ ಮತ್ತೆ 28 ಅಂಕ ಗಳಿಸಿ 38-34ರಿಂದ ಗೆದ್ದುಬಿಟ್ಟರು. ಪಕ್ಕದ ಮನೆಯಿಂದ ಅಜ್ಜಿಯ ಕೂಗು ನಮ್ಮಲ್ಲಿಗೆ ಕೇಳಿಸಿತು. ಸೊಸೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ರಾತ್ರಿ ಅವಳು ಮಲಗಿದ ಮೇಲೆ ಮಗ ಮತ್ತು ನಾನು ಚಹಾ ಕುಡಿಯುತ್ತಾ ಕುಳಿತಿದ್ದೆವು. ನಾನು ಮತ್ತೆ ಅಜ್ಜಿಯ ಪರ ವಹಿಸಿದೆ. "ಪಾಪ, ಆಟಕ್ಕೆ ಇಟ್ಟ ಹೆಸರು. ಅಷ್ಟು ದೊಡ್ಡದು ಮಾಡಬೇಕಿತ್ತಾ?" ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಮ್ಮಾ, ನಮ್ಮ ಗದ್ದೆಯ ಮ್ಯಾಚ್ ನೆನಪಿದೆಯಾ?" ಎಂದ.

ನೆನಪಿಲ್ಲದೇನು? 1999ರ ಮೇ ತಿಂಗಳು. ಅವನಿಗೆ ಹನ್ನೊಂದು ವರ್ಷ. ಅತ್ತ ಕಾರ್ಗಿಲ್‌ನಲ್ಲಿ ಯುದ್ಧ, ಇತ್ತ ಇಂಗ್ಲೆಂಡಿನಲ್ಲಿ ವಿಶ್ವಕಪ್. ನಮ್ಮ ಮನೆಯ ಹಿಂದಿನ ಕೊಯ್ಲು ಮುಗಿದ ಗದ್ದೆಯಲ್ಲಿ ಸುತ್ತಲಿನ ಮಕ್ಕಳೆಲ್ಲ ಸೇರಿ ರಬ್ಬರ್ ಚೆಂಡು, ತೆಂಗಿನ ಕೊತ್ತಳಿಗೆಯ ಬ್ಯಾಟು ಹಿಡಿದು ಕತ್ತಲಾಗುವವರೆಗೆ ಆಡುತ್ತಿದ್ದರು. ಪಂದ್ಯಕ್ಕೆ 'ಇಂಡಿಯಾ-ಪಾಕಿಸ್ತಾನ' ಎಂದು ಹೆಸರು. ನಮ್ಮ ಹುಡುಗ, ಆಚೆ ಮನೆಯ ನನ್ನ ಮೈದುನನ ಇಬ್ಬರು ಮಕ್ಕಳು, ಮೀನಿನ ವ್ಯಾಪಾರದವರ ಮಗ, ಇವರು ಯಾವಾಗಲೂ ಪಾಕಿಸ್ತಾನ. ಹೀಗೆ ಮಾಡಬೇಕೆಂದು ಯಾರೂ ಕುಳಿತು ತೀರ್ಮಾನಿಸಿದ್ದಲ್ಲ. ತಂಡ ಮಾಡುವಾಗ ತಾನಾಗಿಯೇ "ನೀವು ಆ ಕಡೆ" ಎಂದಾಗುತ್ತಿತ್ತು. ನಾಲ್ಕು ಜನ ಸಾಲದೆ ಬಂದರೆ ಸಣ್ಣ ಪ್ರಾಯದ, ಆಡಲು ಬಾರದ ಯಾರನ್ನಾದರೂ ಅವರ ಪಾಲಿಗೆ ಕೊಡುತ್ತಿದ್ದರು.

ಒಂದು ಸಂಜೆ ಅವನು ಬಾವಿಕಟ್ಟೆಯಲ್ಲಿ ಕಾಲು ತೊಳೆದು ಬಂದು, "ಉಮ್ಮಾ, ನಾನು ದಿನಾ ಪಾಕಿಸ್ತಾನ ಯಾಕೆ? ನನಗೂ ಒಂದು ದಿನ ಇಂಡಿಯಾ ಆಗಬೇಕು" ಎಂದಿದ್ದ. ನಾನು ಮಸಾಲೆ ಕಡೆಯುತ್ತಿದ್ದೆ. ತಲೆ ಎತ್ತದೆಯೇ, "ಆಟ ತಾನೇ, ಬಿಡು" ಎಂದೆ. ಅವನ ಬಾಪನ ಕಿವಿಗೂ ಬಿದ್ದಿತು. ಅವರೂ ಹೇಳಿದ್ದು ಅದನ್ನೇ: ನೆರೆಕರೆಯವರ ನಡುವೆ ಸುಮ್ಮನೆ ಮಾತು ಬೆಳೆಸಬೇಡ. ನಂತರ ಅವನು ಗದ್ದೆಗೆ ಹೋಗುವುದನ್ನೇ ನಿಲ್ಲಿಸಿದ. ಓದಿನಲ್ಲಿ ಮನಸ್ಸು ಬಂತೆಂದು ನಾನು ಖುಷಿಪಟ್ಟಿದ್ದೆ. ನಾಲ್ಕು ಮಂದಿಯ ಎದುರು ಹೇಳಿಕೊಂಡದ್ದೂ ಉಂಟು.

ಆ ಮಕ್ಕಳು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ನಮ್ಮವರಿಗೆ ಎದೆನೋವು ಬಂದ ರಾತ್ರಿ ಜೀಪು ತಂದು ನಿಲ್ಲಿಸಿದವನು ಅಂದಿನ 'ಇಂಡಿಯಾ' ಕ್ಯಾಪ್ಟನ್. ಅವನಿಗೆ ಇದೆಲ್ಲ ನೆನಪೂ ಇರಲಿಕ್ಕಿಲ್ಲ. ಒರೆಗಾನ್‌ನ ಅಜ್ಜಿಯೂ ಅಷ್ಟೇ ಅಲ್ಲವೇ, ಜ್ವರಕ್ಕೆ ಸೂಪ್ ತಂದವರು! ಮನಸ್ಸಿನಲ್ಲಿ ಕೆಡುಕಿಲ್ಲದವರಿಗೆ ಆ ಹೆಸರು ಚುಚ್ಚುವುದಿಲ್ಲ, ಚುಚ್ಚದ ಕಾರಣ ಕಾಣುವುದೂ ಇಲ್ಲ. ಯಾರಾದರೂ ಬಾಯಿ ಬಿಟ್ಟು ಹೇಳಬೇಕು. ಹನ್ನೊಂದು ವರ್ಷದವನು ಹೇಳಿದ್ದ. ಕೇಳಬೇಕಾದವಳು ಮಸಾಲೆ ಕಡೆಯುತ್ತಿದ್ದಳು.

"ನಿಮ್ಮ ತಪ್ಪಲ್ಲ ಉಮ್ಮಾ" ಎಂದ ಮಗ. ನನ್ನ ಚಹಾ ಆರಿಹೋಗಿತ್ತು.

ಊರಿಗೆ ಮರಳಿದ ಮೇಲೂ ಈ ವಿಷಯ ತಲೆಯಿಂದ ಹೋಗಲಿಲ್ಲ. ಫೋನಿನಲ್ಲಿ ಸೊಸೆಯನ್ನು ಕೆದಕಿ ಕೆದಕಿ ಕೇಳುತ್ತಿದ್ದೆ. ಅಮೆರಿಕದಲ್ಲಿ ಇಂಥದ್ದು ಇದೊಂದೇ ಅಲ್ಲವಂತೆ. ಟೆಕ್ಸಾಸ್ ಮತ್ತು ಒಕ್ಲಹೋಮಾ ನಡುವಿನ ಪಂದ್ಯಕ್ಕೆ 'ರೆಡ್ ರಿವರ್ ಶೂಟೌಟ್', ಅಂದರೆ ಗುಂಡಿನ ಕಾಳಗ ಎಂಬ ಹೆಸರಿತ್ತು. 2005ರಲ್ಲಿ ಅದನ್ನು ಬಿಟ್ಟು ರೈವಲ್ರಿ ಎಂದರು. ಕ್ಯಾನ್ಸಸ್ ಮತ್ತು ಮಿಸ್ಸೂರಿ ನಡುವಿನ ಪಂದ್ಯ 'ಬಾರ್ಡರ್ ವಾರ್'. ಆ ಗಡಿಯಲ್ಲಿ ನಿಜವಾಗಿಯೂ ರಕ್ತ ಹರಿದಿದೆ, 1863ರಲ್ಲಿ ಲಾರೆನ್ಸ್ ಪಟ್ಟಣಕ್ಕೆ ನುಗ್ಗಿ ನೂರೈವತ್ತರಷ್ಟು ಗಂಡಸರನ್ನೂ ಹುಡುಗರನ್ನೂ ಕೊಂದಿದ್ದರು. 2004ರಲ್ಲಿ ಆ ಹೆಸರಿನಿಂದ ಯುದ್ಧದ ಮಾತು ತೆಗೆದರು. ಜನ ಮಾತ್ರ ಹಳೆಯ ಹೆಸರನ್ನು ಬಿಡಲಿಲ್ಲ. ಒರೆಗಾನ್‌ನಲ್ಲಿಯೂ ಹಾಗೆಯೇ, ಎಲ್ಲರ ನಾಲಿಗೆಗೆ ಹತ್ತುವ ಹೊಸ ಹೆಸರು ಹುಟ್ಟಲೇ ಇಲ್ಲ. ಅವರಲ್ಲಿ ಪ್ಲಾಟಿಪಸ್ ಎಂಬ ಪ್ರಾಣಿಯ ಮರದ ಟ್ರೋಫಿಯೊಂದಿದೆ, 1959ರಲ್ಲಿ ಕೆತ್ತಿದ್ದು. ಬಾತುಕೋಳಿಯ ಕೊಕ್ಕು, ಬೀವರ್‌ನ ಬಾಲ, ಎರಡೂ ಒಂದೇ ಮೈಯಲ್ಲಿ! ಅದರ ಹೆಸರನ್ನೇ ಪಂದ್ಯಕ್ಕೂ ಇಡಬಾರದೇ ಎಂದು ನಾನು ಸೂಚಿಸಿದೆ. ಇಬ್ಬರೂ ನಕ್ಕರು.

ಹೆಸರು ಹೋದರೆ ಸಂಪ್ರದಾಯವೇ ಹೋಗುತ್ತದೆ ಎಂದು ಅಂದು ಹೆದರಿದವರಿದ್ದರು. ಆಮೇಲೆ ಆದದ್ದೇ ಬೇರೆ. ಟಿವಿಯ ದುಡ್ಡಿನ ಲೆಕ್ಕಾಚಾರದಲ್ಲಿ ಯೂಜೀನ್‌ನ ತಂಡ 2024ರಲ್ಲಿ ಬಿಗ್ ಟೆನ್ ಎಂಬ ದೊಡ್ಡ ಕೂಟಕ್ಕೆ ಸೇರಿತು, ಕೊರ್ವಾಲಿಸ್‌ನ ತಂಡ ಹಿಂದೆ ಉಳಿಯಿತು. ನವೆಂಬರ್ ಕೊನೆಯಲ್ಲಿ, ಮನೆಮಂದಿಯೆಲ್ಲ ಹಬ್ಬಕ್ಕೆ ಸೇರಿದಾಗ ನಡೆಯುತ್ತಿದ್ದ ಪಂದ್ಯ 2024ರಲ್ಲಿಯೂ 2025ರಲ್ಲಿಯೂ ಸೆಪ್ಟೆಂಬರ್‌ನಲ್ಲೇ ಮುಗಿದುಹೋಯಿತು. ಎರಡು ಸಲವೂ ಡಕ್ಸ್ ದೊಡ್ಡ ಅಂತರದಿಂದ ಗೆದ್ದರು. ಪಕ್ಕದ ಮನೆಯ ಅಜ್ಜಿ ಈಗ ಹೆಸರಿನ ಬಗ್ಗೆ ಮಾತನಾಡುವುದೇ ಇಲ್ಲವಂತೆ. ಸೆಪ್ಟೆಂಬರ್‌ನ ಬಿಸಿಲಲ್ಲಿ ಎಂಥ ಪಂದ್ಯ ಎಂದು ಬೈಯುತ್ತಾರಂತೆ.

ನಮ್ಮ ಹಿಂದಿನ ಗದ್ದೆಯಲ್ಲಿ ಈಗ ಅರ್ಧ ಭಾಗ ಸೈಟು ಆಗಿದೆ. ಉಳಿದರ್ಧದಲ್ಲಿ ಮಕ್ಕಳು ಆಡುತ್ತಾರೆ. ಕಳೆದ ಬೇಸಿಗೆ ರಜೆಯಲ್ಲಿ ಒಂದು ಸಂಜೆ ಬಟ್ಟೆ ತೆಗೆಯಲು ಹೋದವಳಿಗೆ ಅದೇ ಕೂಗು ಕೇಳಿಸಿತು: "ಪಾಕಿಸ್ತಾನ ಬ್ಯಾಟಿಂಗ್!" ಬ್ಯಾಟ್ ಹಿಡಿದು ಬಂದವನು ನನ್ನ ಮೈದುನನ ಮೊಮ್ಮಗ. ನಾನು ಬಟ್ಟೆಯನ್ನು ಅಲ್ಲೇ ಬಿಟ್ಟು ಬೇಲಿಯ ಬಳಿ ಹೋದೆ. ಎದೆ ಹೊಡೆದುಕೊಳ್ಳುತ್ತಿತ್ತು, ಈ ಪ್ರಾಯದಲ್ಲಿ ಮಕ್ಕಳೆದುರು! "ಮಕ್ಕಳೇ, ಆ ಹೆಸರು ಬೇಡ. ಬೇರೆ ಏನಾದರೂ ಇಡಿ. ತಂಡವನ್ನೂ ದಿನಾ ಬದಲಿಸಿ" ಎಂದೆ. ಅವರು ಮುಖ ಮುಖ ನೋಡಿಕೊಂಡರು. ಉದ್ದದ ಹುಡುಗನೊಬ್ಬ, "ಯಾಕೆ ಅಜ್ಜಿ, ಆಟ ಅಲ್ವಾ?" ಎಂದ. "ಆಟವೇ. ಅದಕ್ಕೇ ಹೇಳಿದ್ದು" ಎಂದೆ. ಸ್ವಲ್ಪ ಹೊತ್ತು ಗುಸುಗುಸು ನಡೆದು, ಮೇಲಿನ ಗದ್ದೆ, ಕೆಳಗಿನ ಗದ್ದೆ ಎಂದು ಹೆಸರಾಯಿತು.

ನಾಲ್ಕು ದಿನ ಹಾಗೇ ನಡೆಯಿತು. ಐದನೆಯ ದಿನ ಯಾರೋ ಮರೆತು ಮತ್ತೆ ಹಳೆಯ ಹೆಸರನ್ನೇ ಕೂಗಿದರು. ಒಲೆಯ ಮೇಲೆ ಸಾರಿತ್ತು. ಉರಿ ಆರಿಸಿ ಮತ್ತೆ ಬೇಲಿಯ ಕಡೆ ಹೊರಟೆ.