ಉಪ್ಪಿನ ಬಯಲಿನಲ್ಲಿ ವೇಗದ ಜಾತ್ರೆ

ಉಪ್ಪೆಂದರೆ ನಮಗೆ ಅಡಿಗೆಮನೆಯ ನೆನಪು. ಗೋಕರ್ಣದ ಯಾತ್ರೆಗೆ ಹೋದವರು ಹೆಚ್ಚೆಂದರೆ ಸಮೀಪದ ಸಾಣಿಕಟ್ಟಾದಲ್ಲಿ ಬಿಸಿಲಿಗೆ ಹೊಳೆಯುವ ಉಪ್ಪಿನ ಆಗರಗಳನ್ನು ಕಂಡಿರಬಹುದು. ಆದರೆ ಕಣ್ಣು ಹರಿಯುವಷ್ಟು ದೂರವೂ ಉಪ್ಪೇ ನೆಲವಾಗಿ ಹಾಸಿರುವ, ಹುಲ್ಲುಕಡ್ಡಿಯೂ ಹುಟ್ಟದ ಬಯಲೊಂದು ಅಮೆರಿಕದ ಯೂಟಾ ಸಂಸ್ಥಾನದಲ್ಲಿದೆ. ಬಾನೆವಿಲ್ ಎಂದು ಅದರ ಹೆಸರು. ಮೋಟಾರು ಗಾಡಿಗಳ ವೇಗಕ್ಕೆ ಮನಸೋತವರಿಗೆ ಅದೇ ಕಾಶಿ, ಅದೇ ರಾಮೇಶ್ವರ.

ಸಾಲ್ಟ್ ಲೇಕ್ ನಗರದಿಂದ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು 110 ಮೈಲಿ ಸಾಗಿದರೆ, ವೆಂಡೋವರ್ ಎಂಬ ಚಿಕ್ಕ ಊರು ಬರುವುದಕ್ಕೆ ಮೊದಲೇ, ಈ ಬಯಲು ಎದುರಾಗುತ್ತದೆ. ಮೊದಲ ನೋಟಕ್ಕೆ ಹಿಮ ಬಿದ್ದಿದೆಯೆಂಬ ಭ್ರಮೆ. ದೂರದ ಬೆಟ್ಟಗಳು ಬಿಸಿಲುಗುದುರೆಯ ನೀರಿನ ಮೇಲೆ ತೇಲುವ ದ್ವೀಪಗಳಂತೆ ತೋರುತ್ತವೆ. ಮರವಿಲ್ಲ, ನೆರಳಿಲ್ಲ, ಕುಡಿಯಲು ತೊಟ್ಟು ನೀರಿಲ್ಲ. ಮೇಲಿನಿಂದ ಸುಡುವ ಸೂರ್ಯನು ಸಾಲದೆಂಬಂತೆ ಕೆಳಗಿನ ಬಿಳಿಯ ನೆಲವೂ ಬಿಸಿಲನ್ನು ಮುಖಕ್ಕೆ ಎರಚುತ್ತದೆ. ಟೋಪಿ ಧರಿಸಿದವರ ಗಲ್ಲದ ಕೆಳಭಾಗವೂ ಸುಟ್ಟು ಕೆಂಪಾಗುವುದುಂಟು.

ಸಹಸ್ರಾರು ವರ್ಷಗಳ ಹಿಂದೆ ಇಲ್ಲಿ ಸುಮಾರು 20,000 ಚದರ ಮೈಲಿ ಹರವಿನ ಮಹಾಸರೋವರವಿದ್ದಿತು. ಹಿಮಯುಗ ಕಳೆದು ಅದು ಬತ್ತಿದಾಗ, ಕರಗಿದ್ದ ಲವಣವೆಲ್ಲ ತಗ್ಗಿನಲ್ಲಿ ಹೆಪ್ಪುಗಟ್ಟಿ ಸುಮಾರು 30,000 ಎಕರೆಗಳ ಈ ಬಯಲಾಯಿತು. ಪ್ರತಿವರ್ಷ ಚಳಿಗಾಲದಲ್ಲಿ ಅದರ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ. ಉಪ್ಪು ಕರಗುತ್ತದೆ, ಗಾಳಿಯು ಆ ನೀರನ್ನು ಅತ್ತಿತ್ತ ಸರಿಸಿ ಉಬ್ಬುತಗ್ಗುಗಳನ್ನು ಅಳಿಸುತ್ತದೆ. ಬೇಸಿಗೆಯಲ್ಲಿ ನೀರು ಆರಿದ ಮೇಲೆ ಉಳಿಯುವುದು ಗಾರೆಯ ನೆಲದಷ್ಟು ಗಟ್ಟಿಯಾದ, ಸಮನಾದ ಹೊಸ ಅಂಗಳ. ಉಪ್ಪಿನಲ್ಲಿ ಅಡಗಿರುವ ತೇವವು ಓಡುವ ಚಕ್ರಗಳನ್ನು ತಂಪಾಗಿರಿಸುತ್ತದೆಯೆಂಬುದು ಮತ್ತೊಂದು ಅನುಕೂಲ.

ಆದರೆ ಈ ನೆಲವು ಎಲ್ಲರಿಗೂ ಕರುಣೆ ತೋರಿಲ್ಲ. 1846ರಲ್ಲಿ ಡೋನರ್ ತಂಡವೆಂದು ಪ್ರಸಿದ್ಧರಾದ ವಲಸೆಗಾರರು ಎತ್ತಿನ ಬಂಡಿಗಳೊಡನೆ ಈ ಉಪ್ಪಿನ ಮರುಭೂಮಿಯನ್ನು ದಾಟಲು ಹೊರಟರು. ಚಕ್ರಗಳು ಉಪ್ಪಿನ ಹೆಪ್ಪನ್ನೊಡೆದು ಕೆಸರಿನಲ್ಲಿ ಹೂತವು. ಎತ್ತುಗಳು ನೀರಡಿಕೆಯಿಂದ ಕಂಗೆಟ್ಟು ಓಡಿಹೋದವು. ಇಲ್ಲಿ ಕಳೆದುಕೊಂಡ ದಿನಗಳಿಂದಾಗಿ ಅವರು ಮುಂದೆ ಪರ್ವತಗಳ ಹಿಮದಲ್ಲಿ ಸಿಕ್ಕಿಬಿದ್ದರು; ಅನೇಕರು ಪ್ರಾಣ ತೆತ್ತರು. ಬಂಡಿಯ ಗತಿಯನ್ನು ತಡೆದ ಇದೇ ನೆಲದ ಮೇಲೆ ಮುಂದೊಂದು ದಿನ ಮನುಷ್ಯನು ಗಾಳಿಗಿಂತ ಮುಂದೆ ಓಡುವನೆಂದು ಅಂದು ಯಾರು ಊಹಿಸಿದ್ದರು?

1935ರಲ್ಲಿ ಇಂಗ್ಲೆಂಡಿನ ಸರ್ ಮಾಲ್ಕಂ ಕ್ಯಾಂಪ್‌ಬೆಲ್ ತಮ್ಮ 'ಬ್ಲೂ ಬರ್ಡ್' ಕಾರಿನಲ್ಲಿ ಇಲ್ಲಿ ಗಂಟೆಗೆ 301 ಮೈಲಿಗಳ ಗಡಿಯನ್ನು ಮುಟ್ಟಿದರು. 1947ರಲ್ಲಿ ಜಾನ್ ಕಾಬ್ 394 ಮೈಲಿಗಳ ವೇಗ ಸಾಧಿಸಿದರು. ಆ ವೇಗದಲ್ಲಿ ಹೋದರೆ ಬೆಂಗಳೂರಿನಿಂದ ಮೈಸೂರಿಗೆ ಹದಿಮೂರು ಹದಿನಾಲ್ಕು ನಿಮಿಷಗಳ ದಾರಿ! 1965ರಲ್ಲಿ ಕ್ರೇಗ್ ಬ್ರೀಡ್‌ಲವ್ ಜೆಟ್ ಯಂತ್ರದ ಕಾರಿನಲ್ಲಿ 600 ಮೈಲಿಗಳನ್ನು ಮೀರಿದರು. ಅದಕ್ಕೆ ಹಿಂದಿನ ವರ್ಷ ಅವರ ಗಾಡಿಯ ವೇಗ ತಗ್ಗಿಸುವ ಪ್ಯಾರಾಚೂಟುಗಳು ಕಳಚಿಹೋಗಿ, ಗಾಡಿಯು ಮೈಲಿಗಟ್ಟಲೆ ಜಾರಿ, ತಂತಿಕಂಬವನ್ನು ಮುರಿದು ಉಪ್ಪುನೀರಿನ ಹೊಂಡಕ್ಕೆ ಬಿದ್ದಿತ್ತು. ಅವರು ಈಜಿ ದಡಸೇರಿದರು. ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. 1962ರಲ್ಲಿ ಗ್ಲೆನ್ ಲೀಷರ್ ಎಂಬ ಚಾಲಕರು ಇಲ್ಲಿಯೇ ಅಸುನೀಗಿದರು. 1970ರಲ್ಲಿ ಗ್ಯಾರಿ ಗ್ಯಾಬೆಲಿಚ್ ರಾಕೆಟ್ ಗಾಡಿಯಲ್ಲಿ 622 ಮೈಲಿ, ಎಂದರೆ ಗಂಟೆಗೆ ಸಾವಿರ ಕಿಲೋಮೀಟರಿಗೂ ಅಧಿಕವಾದ ವೇಗವನ್ನು ಮುಟ್ಟಿದರು.

ಇವು ಹಣ, ಕೀರ್ತಿ, ದೊಡ್ಡ ಸಂಸ್ಥೆಗಳ ಬೆಂಬಲವಿದ್ದ ಸಾಹಸಗಳು. ಆದರೆ ಬಾನೆವಿಲ್ಲಿನ ನಿಜವಾದ ಸೊಗಸನ್ನು ಕಾಣಬೇಕಾದರೆ ಆಗಸ್ಟ್ ತಿಂಗಳಿನ 'ಸ್ಪೀಡ್ ವೀಕ್' ಎಂಬ ವೇಗದ ವಾರಕ್ಕೆ ಹೋಗಬೇಕು. 1949ರಲ್ಲಿ ಆರಂಭವಾದ ಈ ಉತ್ಸವವು ನಮ್ಮ ಜಾತ್ರೆಗಳಂತೆಯೇ ಸಂಸಾರ ಸಮೇತರಾಗಿ ಹೋಗುವಂಥದು. ಡೇರೆಗಳ ಕೆಳಗೆ ಅಪ್ಪ ಎಂಜಿನ್ ಬಿಚ್ಚಿದರೆ ಮಗ ಸ್ಪ್ಯಾನರ್ ನೀಡುತ್ತಾನೆ. ಒಂದೇ ಬಾರಿಗೆ ಹಲವರು ಓಡುವ ಪಂದ್ಯ ಇದಲ್ಲ. ಒಬ್ಬರಾದ ಮೇಲೆ ಒಬ್ಬರು ಗಡಿಯಾರದೊಡನೆ ಸ್ಪರ್ಧಿಸುತ್ತಾರೆ. ದಾಖಲೆಯಾಗಬೇಕಾದರೆ ಒಂದು ಓಟ ಸಾಲದು. ಮೊದಲ ಓಟದ ನಂತರ ಗಾಡಿಯನ್ನು ಅಧಿಕಾರಿಗಳ ಸುಪರ್ದಿನಲ್ಲಿಟ್ಟು, ಮರುದಿನ ಮತ್ತೊಮ್ಮೆ ಓಡಿಸಿ, ಎರಡರ ಸರಾಸರಿಯನ್ನು ತೆಗೆಯುತ್ತಾರೆ. ಗೆದ್ದವರಿಗೆ ಹಣದ ಬಹುಮಾನವಿಲ್ಲ. ಗಂಟೆಗೆ 200 ಮೈಲಿಗಳನ್ನು ಮೀರಿ ದಾಖಲೆ ಸ್ಥಾಪಿಸಿದವರಿಗೆ ಒಂದು ಕೆಂಪು ಟೋಪಿ ದೊರೆಯುತ್ತದೆ. ಅದಕ್ಕಾಗಿ ಆಯುಷ್ಯವನ್ನೇ ಸವೆಸಿದವರಿದ್ದಾರೆ.

ಅಲ್ಲಿಗೆ ಬರುವ ಗಾಡಿಗಳನ್ನು ಅಂಗಡಿಯಲ್ಲಿ ಕೊಳ್ಳಲಾಗದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಯುವಕರು, ಯುದ್ಧವಿಮಾನಗಳಿಗೆ ತೂಗುಹಾಕುತ್ತಿದ್ದ ಹೆಚ್ಚುವರಿ ಪೆಟ್ರೋಲ್ ಟ್ಯಾಂಕುಗಳನ್ನು ಅಗ್ಗದ ಬೆಲೆಗೆ ಕೊಂಡರು. ಹನಿಯ ಆಕಾರದ ಆ ಟ್ಯಾಂಕಿನ ಒಳಗೆ ಎಂಜಿನ್ ಕೂರಿಸಿ, ಕೆಳಗೆ ಚಕ್ರಗಳನ್ನು ಜೋಡಿಸಿದರು. ಗಾಳಿಯನ್ನು ಸೀಳಿ ಹೋಗಲು ಅದಕ್ಕಿಂತ ತಕ್ಕ ಮೈಕಟ್ಟು ಇನ್ನಾವುದಿದ್ದೀತು? ಯುದ್ಧದ ಸಾಮಗ್ರಿ ಹೀಗೆ ಆಟದ ಸಾಮಗ್ರಿಯಾಯಿತು.

ಮೋಟಾರ್ ಸೈಕಲ್ಲಿನವರ ಕತೆ ಇನ್ನೂ ಸ್ವಾರಸ್ಯವಾದುದು. 1948ರಲ್ಲಿ ರೋಲಿ ಫ್ರೀ ಎಂಬವರು ವಿನ್ಸೆಂಟ್ ಮೋಟಾರ್ ಸೈಕಲ್ಲಿನ ಮೇಲೆ 150 ಮೈಲಿಗಳ ವೇಗವನ್ನು ಮೀರಲು ಹೊರಟಿದ್ದರು. ಹಿಂದಿನ ಓಟದಲ್ಲಿ ಅವರ ಚರ್ಮದ ಉಡುಪು ಗಾಳಿಯ ಹೊಡೆತಕ್ಕೆ ಹರಿದುಹೋಯಿತು. ಅವರು ಉಡುಪನ್ನೇ ಕಳಚಿ, ಈಜುವ ಚಡ್ಡಿಯಲ್ಲಿ ಗಾಡಿಯ ಮೇಲೆ ಬೋರಲು ಮಲಗಿ, ಕಾಲುಗಳನ್ನು ಹಿಂದಕ್ಕೆ ಚಾಚಿ ಓಡಿಸಿ 150.313 ಮೈಲಿಗಳನ್ನು ಮುಟ್ಟಿದರು! 1956ರಲ್ಲಿ ಜಾನಿ ಆಲನ್ ಟ್ರಯಂಫ್ ಎಂಜಿನ್ನಿನ ಗಾಡಿಯಲ್ಲಿ 214 ಮೈಲಿಗಳ ವೇಗದಿಂದ ಓಡಿದುದರ ನೆನಪಿಗಾಗಿಯೇ ಆ ಸಂಸ್ಥೆಯ ಮೋಟಾರ್ ಸೈಕಲ್ಲೊಂದಕ್ಕೆ 'ಬಾನೆವಿಲ್' ಎಂದು ಹೆಸರಾಯಿತು. ಬೆಂಗಳೂರಿನ ರಸ್ತೆಗಳಲ್ಲಿ ಆ ಹೆಸರನ್ನು ಹೊತ್ತ ಗಾಡಿಗಳನ್ನು ಕಂಡವರು, ಅದು ಒಂದು ಉಪ್ಪಿನ ಬಯಲಿನ ಹೆಸರೆಂಬುದನ್ನು ನೆನೆಯಬಹುದು.

ಆದರೂ ಈ ಕ್ಷೇತ್ರದ ಭಕ್ತಶ್ರೇಷ್ಠರೆಂದರೆ ನ್ಯೂಜಿಲೆಂಡಿನ ಬರ್ಟ್ ಮನ್ರೋ. 1920ರಲ್ಲಿ ಅವರು ಒಂದು 'ಇಂಡಿಯನ್ ಸ್ಕೌಟ್' ಮೋಟಾರ್ ಸೈಕಲ್ಲನ್ನು ಕೊಂಡರು. ಹೆಸರು ಇಂಡಿಯನ್ ಎಂದಿದ್ದರೂ ಅದು ಅಮೆರಿಕದಲ್ಲಿ ತಯಾರಾದುದು. ಅದರ ಗರಿಷ್ಠ ವೇಗ ಗಂಟೆಗೆ 55 ಮೈಲಿ. ಆ ಒಂದೇ ಗಾಡಿಯನ್ನು ಅವರು ನಾಲ್ಕು ದಶಕಗಳಿಗೂ ಮಿಕ್ಕಿ ತಿದ್ದಿದರು. ಹಳೆಯ ಡಬ್ಬಿಗಳನ್ನು ಅಚ್ಚು ಮಾಡಿಕೊಂಡು ಪಿಸ್ಟನ್ನುಗಳನ್ನು ತಾವೇ ಎರಕ ಹೊಯ್ದರು. ಅಳತೆಗೆ ಹಳೆಯ ಸ್ಪೋಕ್ ಕಡ್ಡಿಯನ್ನು ಬಳಸಿದರು. ಒಡೆದುಹೋದ ಭಾಗಗಳನ್ನು ಎಸೆಯದೆ, ವೇಗದೇವತೆಗೆ ಅರ್ಪಿಸಿದ ನೈವೇದ್ಯವೆಂದು ಬರೆದು ಶೆಲ್ಫಿನಲ್ಲಿ ಜೋಡಿಸಿದರು. 1962ರಲ್ಲಿ, ತಮ್ಮ ಅರುವತ್ತಮೂರನೆಯ ವಯಸ್ಸಿನಲ್ಲಿ, ಅದನ್ನು ಹಡಗಿನಲ್ಲಿ ತಂದು ಇಲ್ಲಿ ಓಡಿಸಿ ದಾಖಲೆ ಮಾಡಿದರು. 1967ರಲ್ಲಿ ಅದೇ ಗಾಡಿ 183 ಮೈಲಿಗಳನ್ನು ಮೀರಿತು. 1978ರಲ್ಲಿ ಮನ್ರೋ ಕಾಲವಾದರು. 2014ರಲ್ಲಿ ಹಳೆಯ ಲೆಕ್ಕದಲ್ಲಿ ತಪ್ಪಿದ್ದುದು ಗೊತ್ತಾಗಿ ಆ ದಾಖಲೆಯನ್ನು 184.087 ಎಂದು ತಿದ್ದಲಾಯಿತು.

ಇಷ್ಟೆಲ್ಲಕ್ಕೂ ಆಧಾರವಾದ ಆ ನೆಲದ ಸ್ಥಿತಿ ಇಂದು ಹೇಗಿದೆ? ದುಃಖದಿಂದ ಹೇಳಬೇಕಾಗಿದೆ: ಉಪ್ಪು ತೆಳುವಾಗುತ್ತಿದೆ. ಮೊದಲನೆಯ ಮಹಾಯುದ್ಧದ ಕಾಲದಿಂದಲೂ ಇಲ್ಲಿನ ಉಪ್ಪುನೀರಿನಿಂದ ಗೊಬ್ಬರಕ್ಕೆ ಬೇಕಾದ ಪೊಟ್ಯಾಷ್ ತೆಗೆಯುತ್ತ ಬಂದಿದ್ದಾರೆ. ಕಾಲುವೆಗಳಲ್ಲಿ ಬಸಿದುಹೋದ ನೀರಿನೊಡನೆ ಉಪ್ಪೂ ಹೋಗುತ್ತದೆ. ಹವೆಯ ಬದಲಾವಣೆಯದೂ ಅಡ್ಡ ಹಾದುಹೋದ ರಸ್ತೆಯದೂ ಇದರಲ್ಲಿ ಪಾಲುಂಟೆಂದು ಹೇಳುವವರಿದ್ದಾರೆ. ಯಾವುದರ ಪಾಲು ಎಷ್ಟೆಂಬ ಚರ್ಚೆ ಮುಗಿದಿಲ್ಲ. ಒಂದು ಕಾಲಕ್ಕೆ 13 ಮೈಲಿ ಉದ್ದವಿದ್ದ ಓಟದ ಹಾದಿ ಬಹಳ ಕುಗ್ಗಿದೆ. ಭೂಮಿಯ ಮೇಲಿನ ಅತಿ ವೇಗದ ಕಾರಿನ ದಾಖಲೆ 1983ರಲ್ಲಿಯೇ ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಗೆ ವಲಸೆ ಹೋಯಿತು. 2014ರಲ್ಲಿ ಮಳೆಯ ನೀರಿನಿಂದಲೂ 2015ರಲ್ಲಿ ಉಪ್ಪಿನ ದುಃಸ್ಥಿತಿಯಿಂದಲೂ ವೇಗದ ವಾರವೇ ನಡೆಯಲಿಲ್ಲ.

ಪರಿಹಾರದ ಯತ್ನಗಳೂ ನಡೆದಿವೆ. 1997ರಿಂದ 2002ರವರೆಗೆ ಚಳಿಗಾಲಗಳಲ್ಲಿ ಉಪ್ಪುನೀರನ್ನು ಪಂಪುಗಳಿಂದ ಮರಳಿ ಬಯಲಿಗೆ ಹರಿಸಿ ನೋಡಿದರು. ಬಯಲನ್ನು ಉಳಿಸಿರೆಂದು ಸರಕಾರದ ಬಾಗಿಲು ತಟ್ಟುತ್ತಿರುವವರಲ್ಲಿ ವೇಗಸ್ಪರ್ಧಿಗಳೇ ಮುಂದಿದ್ದಾರೆ. ಎಂಜಿನ್ ಕೆಟ್ಟರೆ ಮನ್ರೋರಂಥವರು ಮತ್ತೊಂದನ್ನು ಎರಕ ಹೊಯ್ದಾರು. ಸಾವಿರಾರು ವರ್ಷಗಳಲ್ಲಿ ಹೆಪ್ಪುಗಟ್ಟಿದ ನೆಲವನ್ನು ಎರಕ ಹೊಯ್ಯಬಲ್ಲ ಕಮ್ಮಾರನಿಲ್ಲ. ಇದನ್ನು ಆ ಸ್ಪರ್ಧಿಗಳು ಚೆನ್ನಾಗಿ ಬಲ್ಲರು.

ಅಮೆರಿಕದ ಪ್ರವಾಸಕ್ಕೋ, ಅಲ್ಲಿ ನೆಲಸಿರುವ ಮಕ್ಕಳನ್ನು ನೋಡುವುದಕ್ಕೋ ಹೋಗುವ ವಾಚಕರು, ಆ ದಾರಿಯಾಗಿ ಸಾಗುವುದಾದರೆ ಬಾನೆವಿಲ್ಲಿನಲ್ಲಿ ಇಳಿಯದೆ ಮುಂದೆ ಹೋಗಬಾರದು. ಕುಡಿಯುವ ನೀರು, ತಂಪು ಕನ್ನಡಕ, ಟೋಪಿ ಜೊತೆಯಲ್ಲಿರಲಿ. ನೆಲ ಒದ್ದೆಯಾಗಿದ್ದರೆ ಕಾರನ್ನು ಅದರ ಮೇಲೆ ಇಳಿಸಬೇಡಿ. ಕಾರು ಹೂತುಹೋಗುವುದಲ್ಲದೆ ನೆಲಕ್ಕೂ ಗಾಯವಾದೀತು. ವೇಗದ ವಾರವಲ್ಲದ ದಿನಗಳಲ್ಲಿ ಅಲ್ಲಿ ಗಾಳಿಯ ಸದ್ದಿನ ಹೊರತು ಬೇರೇನೂ ಇರದು. ಆ ನಿಶ್ಶಬ್ದದಲ್ಲಿ ಸ್ವಲ್ಪ ಹೊತ್ತು ನಿಂತು, ಬಿಳಿಯ ನೆಲವನ್ನು ಕೈಯಿಂದ ಮುಟ್ಟಿ ನೋಡಿ ಬನ್ನಿ.