ಚಹಾದ ಜೊತೆಗೆ ವಿಶ್ವಾಸ

ಇಂಗ್ಲೆಂಡಿನ ಚರ್ಚುಗಳು ಖಾಲಿಯಾಗುತ್ತಿವೆ ಎಂದು ಕೇಳಿದ್ದೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಮ್ಮನ್ನು ಕ್ರೈಸ್ತರೆಂದು ಹೇಳಿಕೊಂಡವರು ಶೇ. 46.2 ಮಾತ್ರ. 2011ರಲ್ಲಿ ಇದು ಶೇ. 59.3 ಇತ್ತು. ಯಾವ ಧರ್ಮವೂ ಇಲ್ಲ ಎಂದವರು ಶೇ. 37.2. ಇಂಥ ಸಮಾಜದಲ್ಲಿ ದೇವರ ಮಾತು ಎತ್ತುವುದಾದರೂ ಹೇಗೆ?

ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದಾಗ ಉತ್ತರ ಕಣ್ಣಿಗೆ ಬಿತ್ತು. ಹತ್ತಿರದ ಚರ್ಚಿನ ಸಭಾಂಗಣದಲ್ಲಿ ವಾರಕ್ಕೊಮ್ಮೆ ಪುಟಾಣಿಗಳಿಗೆ ಆಟ, ತಾಯಂದಿರಿಗೆ ಚಹಾ. ದೊಡ್ಡ ಮೊಮ್ಮಗನನ್ನು ಕರೆದುಕೊಂಡು ನಾನೂ ಹೋಗುತ್ತಿದ್ದೆ. ಅಲ್ಲಿನ ಅಜ್ಜಿಯೊಬ್ಬರು ನಾವು ಏನು ತಿನ್ನುತ್ತೇವೆ, ಏನು ತಿನ್ನುವುದಿಲ್ಲ ಎಂದು ವಿಚಾರಿಸಿಯೇ ತಿಂಡಿ ಕೊಡುತ್ತಿದ್ದರು. (ನಮ್ಮ ಮದುವೆ ಮನೆಗಳಲ್ಲೂ ಅಷ್ಟು ವಿಚಾರಣೆ ಇಲ್ಲ!) ತಿಂಗಳು ಕಳೆದರೂ ಯಾರೂ ಬೈಬಲ್ ಮುಂದಿಡಲಿಲ್ಲ. ನಾನೇ ಕೇಳಿದ ಮೇಲೆ ಅವರು ತಮ್ಮ ವಿಶ್ವಾಸದ ಬಗ್ಗೆ ಹೇಳಿದರು, ನನ್ನ ನಮಾಝಿನ ಬಗ್ಗೆಯೂ ಕೇಳಿದರು. ಅವರ ಸ್ವಂತ ಮಗನೇ ಚರ್ಚಿಗೆ ಬರುವುದಿಲ್ಲವಂತೆ. “ಅವನಿಗಾಗಿ ಪ್ರಾರ್ಥಿಸುತ್ತೇನೆ, ಒತ್ತಾಯಿಸುವುದಿಲ್ಲ” ಎಂದರು. ತಾಯಿಯ ಸಂಕಟ ಯಾವ ಧರ್ಮದಲ್ಲಾದರೂ ಒಂದೇ.

ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಚರ್ಚಿನಲ್ಲಿ 1977ರಲ್ಲಿ ಆರಂಭವಾಗಿ ಅನೇಕ ದೇಶಗಳಿಗೆ ಹಬ್ಬಿದ ಆಲ್ಫಾ ಕೋರ್ಸಿನದ್ದೂ ಇದೇ ದಾರಿ. ಮೊದಲು ಒಟ್ಟಿಗೆ ಊಟ, ನಂತರ ಒಂದು ಉಪನ್ಯಾಸ, ಆಮೇಲೆ ಯಾರು ಏನನ್ನಾದರೂ ಪ್ರಶ್ನಿಸಬಹುದು.

ಊಟ ಹಾಕಿ ಮತಕ್ಕೆ ಎಳೆಯುತ್ತಾರೆ ಎಂದು ಮಗಳ ಗೆಳತಿಯ ತಕರಾರು. ನನಗೆ ಹಾಗನ್ನಿಸಲಿಲ್ಲ. ಪ್ರಾರ್ಥನೆಗೆ ಬಾರದವರಿಗೆ ಚಹಾ ನಿಲ್ಲಿಸಿದ್ದರೆ ಅದು ಆಮಿಷ. ಭಾನುವಾರ ಒಮ್ಮೆಯೂ ಆ ಮೆಟ್ಟಿಲು ಹತ್ತದ ತಾಯಂದಿರು ಅಲ್ಲಿ ಎಷ್ಟೋ ಮಂದಿ ಇದ್ದರು. ಅವರ ಕಪ್ಪೂ ತುಂಬುತ್ತಲೇ ಇತ್ತು.