ಟೀವಿ ಹಾಕಿ

ರಿಮೋಟ್ ಹುಟ್ಟಿದ್ದೇ ಸೋಮಾರಿಗಳಿಗೆ. 1950ರಲ್ಲಿ ಅಮೆರಿಕದ ಜೆನಿತ್ ಕಂಪನಿ ಟೀವಿಗೆ ಮಾಡಿದ ರಿಮೋಟಿನ ಹೆಸರೇ ‘ಲೇಜಿ ಬೋನ್ಸ್’, ನಮ್ಮ ಮಾತಲ್ಲಿ ಮೈಗಳ್ಳ. ಟೀವಿಯಿಂದ ಕುರ್ಚಿವರೆಗೂ ಅದಕ್ಕೊಂದು ಉದ್ದ ವೈರು. 1955ರಲ್ಲಿ ಬೆಳಕು ಬಿಟ್ಟು ಚಾನಲ್ ಬದಲಾಯಿಸೋ ರಿಮೋಟ್ ಬಂತು, 1956ರಲ್ಲಿ ಶಬ್ದದಿಂದ ಕೆಲಸ ಮಾಡೋದು ಬಂತು. ಈಗ ಬಾಯಲ್ಲಿ ಹೇಳಿದ್ರೆ ಸಾಕು.

ನಮ್ಮಮ್ಮ ಮೈಗಳ್ಳಿ ಅಲ್ಲ. ಶಿಡ್ಲಘಟ್ಟದಲ್ಲಿ 22 ವರ್ಷ ರೇಷ್ಮೆ ನೂಲು ಬಿಚ್ಚಿದವಳು. ಬಿಸಿನೀರಲ್ಲಿ ಬೆಂದ ಗೂಡುಗಳ ಎಳೆ ಹುಡುಕಿ ಹಿಡಿಯೋ ಕೆಲಸ ಅದು. ಎಳೆ ಎಷ್ಟು ಸಣ್ಣ ಅಂದ್ರೆ ಬೆರಳಿಗೇ ಗೊತ್ತಾಗಬೇಕು, ಕಣ್ಣನ್ನ ನಂಬಿದ್ರೆ ಆಗಲ್ಲ. ಆ ಬೆರಳುಗಳಿಗೇ ಈಗ ಜೋಮು. ರಿಮೋಟಿನ ರಬ್ಬರ್ ಬಟನ್ ಒತ್ತಿದ್ದು ಅವಳಿಗೆ ತಿಳಿಯಲ್ಲ. ಒಂದು ಸಲ ಒತ್ತೋ ಕಡೆ ಮೂರು ಸಲ ಒತ್ತಿರ್ತಾಳೆ. ಆಮೇಲೆ ಟೀವಿ ಯಾವುದೋ ಮೆನುವಿನಲ್ಲಿ ಸಿಕ್ಕಿಕೊಂಡಿರುತ್ತೆ, ಅಮ್ಮ ಅದನ್ನೇ ನೋಡ್ತಾ ಕೂತಿರ್ತಾಳೆ.

ಅದಕ್ಕೇ ಒಂದು ಯೂನಿವರ್ಸಲ್ ರಿಮೋಟ್, ಅದಕ್ಕೆ ಜೋಡಿಯಾಗಿ ಮಾತು ಕೇಳೋ ಸ್ಪೀಕರ್ ತಗೊಂಡು ಊರಿಗೆ ಹೋದೆ. ರಿಮೋಟ್ ಅಂದ್ರೆ ಅಂಗೈಯಗಲದ ಕಪ್ಪು ಡಬ್ಬಿ, ಬಟನ್ನೇ ಇಲ್ಲ. ಸ್ಪೀಕರ್ ಕೇಳಿಸ್ಕೊಂಡಿದ್ದನ್ನ ವೈಫೈ ಮೂಲಕ ಇದಕ್ಕೆ ಮುಟ್ಟಿಸುತ್ತೆ, ಇದು ಅದನ್ನ ಇನ್‌ಫ್ರಾರೆಡ್ ಬೆಳಕು ಮಾಡಿ ಟೀವಿ ಕಡೆ ಎಸೆಯುತ್ತೆ. ಇಂಥ ಡಬ್ಬಿಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯೋದು. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಬಂದ್ ಮಾಡಿದ ಮೇಲೆ ಜೋಡಣೆ ಆಯ್ತು. ಬೆಳಕು ಬರ್ತಿದೆಯಾ ಅಂತ ನೋಡೋಕೆ ಫೋನಿನ ಮುಂದಿನ ಕ್ಯಾಮೆರಾ ಹಿಡಿದರೆ ಸಾಕು, ಕಣ್ಣಿಗೆ ಕಾಣದ್ದು ಅದರಲ್ಲಿ ನೇರಳೆ ಚುಕ್ಕೆಯಾಗಿ ಮಿನುಗುತ್ತೆ. ಇಷ್ಟೆಲ್ಲ ಒಂದು ಗಂಟೆಯ ಕೆಲಸ.

ಕಷ್ಟ ಬಂದಿದ್ದು ಭಾಷೇಲಿ. ಇಂಗ್ಲಿಷಾ, ಹಿಂದಿಯಾ ಅಂತ ಕೇಳ್ತು ಸ್ಪೀಕರ್. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಎಲ್ಲಿ ಸುತ್ತಿದ್ರೂ ನಮ್ಮ ಕಡೆ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಲ್ಲಿ ಮುಗಿಯುತ್ತೆ. ಎರಡು ಭಾಷೆ ಬರೋ ಅಮ್ಮನಿಗೆ ಅದು ಕೇಳಿದ ಎರಡೂ ಬರಲ್ಲ!

ಸ್ಪೀಕರ್ ಏನು ಕೇಳಿಸ್ಕೊಂಡಿತು ಅನ್ನೋದು ಆ್ಯಪ್‌ನಲ್ಲಿ ಬರಹವಾಗಿ ಸಿಗುತ್ತೆ, ದನಿಯೂ ಇರುತ್ತೆ. ಅಮ್ಮ “ಟೀವಿ ಹಾಕು” ಅಂದಿದ್ದು ಅದಕ್ಕೆ ಟೀವಿಯಲ್ಲಿ ಆಡೋ ಹಾಕಿ ಆಟವಾಗಿ ಕೇಳಿಸಿತ್ತು. ಆಗಲಿ ಅಂತ ಅದನ್ನೇ ಆಜ್ಞೆಯ ಜಾಗದಲ್ಲಿ ಬರೆದಿಟ್ಟೆ. ಕೆಲಸ ಮಾಡ್ತು. ಕೇಳಿದ ಇಂಗ್ಲಿಷನ್ನೇ ಬರೆದಿಡೋದು, ಇಷ್ಟೇ ಉಪಾಯ. “ಸ್ಪಷ್ಟವಾಗಿ ‘ಟೀವಿ ಹಾಕಿ’ ಅಂದ್ರೆ ಇನ್ನೂ ಒಳ್ಳೇದಮ್ಮ” ಅಂದೆ.

“ಅದಕ್ಕೆ ಬೇರೆ ಬಹುವಚನ ಕೊಡಬೇಕಾ?” ಅಂದಳು. ಆದರೂ ಕೊಟ್ಟಳು. ಚಂದನಕ್ಕೂ ಹೀಗೇ ಒಂದು ಆಜ್ಞೆ ಮಾಡಿದೆ. ಚಾನಲ್ ನಂಬರಿನ ಅಂಕಿಗಳ ನಡುವೆ ಸ್ವಲ್ಪ ಬಿಡುವು ಕೊಡಬೇಕು, ಇಲ್ಲದಿದ್ರೆ ಸೆಟ್‌ಟಾಪ್ ಬಾಕ್ಸ್ ಒಂದಂಕಿ ನುಂಗಿಬಿಡುತ್ತೆ.

ಎರಡನೇ ವಾರ ಎಲ್ಲಾ ಉಲ್ಟಾ ಆಯ್ತು. ಹಾಕಿ ಅಂದ್ರೆ ಬಾಕ್ಸ್ ಆರುತ್ತೆ, ಆರಿಸಿ ಅಂದ್ರೆ ಹತ್ಕೊಳ್ಳುತ್ತೆ. ಕಾರಣ ಕರೆಂಟು. ಇನ್‌ಫ್ರಾರೆಡ್ ಒಮ್ಮುಖದ ಮಾತು, ಹೇಳೋದಷ್ಟೇ ಗೊತ್ತು, ಟೀವಿ ಈಗ ಯಾವ ಸ್ಥಿತೀಲಿದೆ ಅಂತ ಕೇಳೋದು ಗೊತ್ತಿಲ್ಲ. ಆನ್ ಮಾಡೋಕೂ ಆಫ್ ಮಾಡೋಕೂ ಇದ್ದಿದ್ದು ಒಂದೇ ಕೋಡ್. ಕರೆಂಟ್ ಹೋಗಿ ಬಂದಾಗ ಬಾಕ್ಸ್ ತಾನೇ ಎದ್ದು ಕೂತ್ಕೊಳ್ಳುತ್ತೆ, ಟೀವಿ ಮಲಗೇ ಇರುತ್ತೆ. ಬಾಕ್ಸನ್ನ ಆರಿಸೋದೇ ಬಿಟ್ಟು, ಟೀವಿಗೆ ಮಾತ್ರ ಆಜ್ಞೆ ಹೋಗೋ ಹಾಗೆ ಮಾಡಿದ ಮೇಲೆ ಸರಿಹೋಯ್ತು.

ಇದರ ಕಾರಣ ಹುಡುಕೋಕೆ ಬೆಂಗಳೂರಲ್ಲಿ ಕೂತು ಆ ವಾರದ ದಾಖಲೆಗಳನ್ನ ಒಂದೊಂದಾಗಿ ತೆಗೀತಿದ್ದೆ. ಒಂದು ಸಾಲಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಇತ್ತು. ದನಿ ಒತ್ತಿದೆ. ಯಾವುದೋ ಮಾತನ್ನ ತನ್ನ ಹೆಸರು ಅಂದ್ಕೊಂಡು ಸ್ಪೀಕರ್ ಎದ್ದಿತ್ತು. ಅಮ್ಮ ಪಕ್ಕದ ಮನೆ ಅತ್ತೆ ಹತ್ರ ಹೇಳ್ತಿದ್ದಳು: “ರಾತ್ರಿ ಚೇತುಲು ನೊಪ್ಪಿ, ನಿದ್ದರ ರಾದು. ಪಿಲ್ಲೋಡಿಕಿ ಚೆಪ್ಪೊದ್ದು.” ರಾತ್ರಿ ಕೈ ನೋವು, ನಿದ್ದೆ ಬರಲ್ಲ, ಹುಡುಗನಿಗೆ ಹೇಳಬೇಡ. ನನಗೆ ದಿನಾ ಫೋನಲ್ಲಿ ಸಿಗ್ತಿದ್ದ ಉತ್ತರ “ಚೆನ್ನಾಗಿದೀನಿ” ಅಂತ.

ಏನೂ ಕೇಳದವನ ಹಾಗೆ ಇದ್ದು, ಸುಮ್ಮನೆ ಡಾಕ್ಟರ ಹತ್ರ ಕರ್ಕೊಂಡು ಹೋಗಬಹುದಿತ್ತು. ಆದ್ರೆ ಅವಳು ನಂಬಿ ಆಡಿದ ಮಾತು ಅದು, ನನಗಲ್ಲ. ಶನಿವಾರ ಹೋಗಿ ಮೊದಲು ಅದನ್ನೇ ಹೇಳಿದೆ. ಅಮ್ಮ ತುಂಬಾ ಹೊತ್ತು ಆ ಸ್ಪೀಕರನ್ನ ನೋಡಿದಳು.

“ಮನೇಲಿ ಮಾತಾಡಿದ್ದೆಲ್ಲಾ ಬೆಂಗಳೂರಿಗೆ ಬರ್ತಿತ್ತಾ?”

“ಎಲ್ಲಾ ಅಲ್ಲಮ್ಮ. ಅದು ಎದ್ದಾಗ ಆಡಿದ್ದು.”

“ಅಳಿಸು. ಅದು ಟೀವಿ ಹಾಕಿದ್ರೆ ಸಾಕು.”

ಹಳೇದೆಲ್ಲ ಅವಳ ಮುಂದೆಯೇ ಅಳಿಸಿದೆ. ಇನ್ಮುಂದೆ ದನಿ ಉಳಿಸಬೇಡ ಅನ್ನೋ ಆಯ್ಕೆ ಒತ್ತಿದೆ. ಜನ ಬಂದಾಗ ಮೈಕ್ ಬಂದ್ ಮಾಡೋ ಗುಂಡಿ ಎಲ್ಲಿದೆ ಅಂತ ತೋರಿಸಿದೆ. ಆ ಗುಂಡಿ ದೊಡ್ಡದು, ಅವಳ ಹೆಬ್ಬೆರಳಿಗೂ ಸಿಗುತ್ತೆ. ಸೋಮವಾರ ಚಿಕ್ಕಬಳ್ಳಾಪುರದಲ್ಲಿ ಡಾಕ್ಟರಿಗೆ ತೋರಿಸಿದ್ವಿ. ಮಣಿಕಟ್ಟಲ್ಲಿ ನರ ಒತ್ತಿಕೊಂಡಿದೆಯಂತೆ, ರಾತ್ರಿ ಪಟ್ಟಿ ಕಟ್ಕೊಂಡು ಮಲಗಬೇಕು.

ಎಂಜಿನಿಯರ್ ಲೆಕ್ಕದಲ್ಲಿ ಇದು ನಷ್ಟ. ದಾಖಲೆ ಇಲ್ಲದೆ ದೋಷ ಹುಡುಕೋದು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ. ಈಗ ಏನಾದ್ರೂ ಕೆಟ್ಟರೆ ಅಮ್ಮನೇ ಫೋನ್ ಮಾಡಬೇಕು, ತಾನು ಏನಂದೆ, ಅದು ಏನು ಮಾಡ್ತು ಅಂತ ಬಾಯಲ್ಲೇ ಹೇಳಬೇಕು. ಹತ್ತು ನಿಮಿಷ ಹಿಡಿಯುತ್ತೆ. ಕೊನೇಲಿ ಕೈ ಹೇಗಿದೆ ಅಂತ ಕೇಳ್ತೀನಿ. ಮೊದಲು “ಚೆನ್ನಾಗಿದೆ” ಅಂತಿದ್ದವಳು ಈಗ ಎಡಗೈ ಹೀಗೆ, ಬಲಗೈ ಹೀಗೆ ಅಂತ ಬೇರೆಬೇರೆ ಹೇಳ್ತಾಳೆ.